ಇಪ್ಪತ್ತೊಂಬತ್ತು ಇಂಚಿನ ನೆನಪು

ಟ್ಯಾಂಪಿನೀಸ್‌ನ ನಮ್ಮ ಫ್ಲಾಟಿನಲ್ಲಿ ಊಟಕ್ಕೆ ಕೂತು, ಚಿತ್ರಾನ್ನ ಬಾಯಿಗಿಡುತ್ತ, ಜಿಂಕೆ ಹೊಡೆಯಲು ಬಿಲ್ಲಿಗೆ ಕನಿಷ್ಠ ನಲವತ್ತು ಪೌಂಡ್ ಎಳೆತ ಬೇಕೆಂದು ನಾನು ಮನೆಯವರಿಗೆ ವಿವರಿಸಿದ್ದು ನಿಜ. ಇದು ಚೆನ್ನಾಗಿ ನೆನಪಿದೆ, ಏಕೆಂದರೆ ನನ್ನ ಹೆಂಡತಿ ಅದನ್ನು ಮರೆಯಲು ಬಿಟ್ಟಿಲ್ಲ. ನಮ್ಮದು ವಾರಕ್ಕೆರಡು ದಿನ ಈರುಳ್ಳಿಯನ್ನೂ ಮುಟ್ಟದ ಮನೆ. ಜಿರಲೆ ಕಂಡರೆ ಪೇಪರಿನ ಮೇಲೆ ಹತ್ತಿಸಿಕೊಂಡು ಕಾರಿಡಾರಿಗೆ ಬಿಟ್ಟು ಬರುವವನು ನಾನು. ಸಿಂಗಾಪುರದಲ್ಲಿ ಪಾರಿವಾಳಕ್ಕೆ ಅನ್ನ ಹಾಕಿದರೂ ದಂಡ. ಆದರೂ ಬೇಟೆಗೂ ಆಗುವಂಥ ಬಿಲ್ಲೇ ಬೇಕೆಂದು ಹಟ ಹಿಡಿದಿದ್ದೆ. ಯಾವ ಬೇಟೆ ಎಂದು ಹೆಂಡತಿ ಕೇಳಿದಾಗ, ಬೇಟೆಯಾಡುವುದು ಬೇರೆ, ಬೇಟೆಯ ಸಾಮರ್ಥ್ಯ ಇರುವುದು ಬೇರೆ ಎಂದೆ. ಅವಳು ಉಪ್ಪಿನಕಾಯಿ ಬಾಟಲಿಯನ್ನು ನನ್ನ ಕಡೆ ತಳ್ಳಿ ಎದ್ದುಹೋದಳು.

ಇದಕ್ಕೆಲ್ಲ ಮೂಲ ಒಂದು ಮಾತು. ಎರಡು ಸಾವಿರದ ಹದಿನಾರೋ ಹದಿನೇಳೋ ಇರಬೇಕು. ಕನ್ನಡದವರ ಮನೆಯೊಂದರಲ್ಲಿ ಊಟಕ್ಕೆ ಸೇರಿದ್ದಾಗ ಯಾರೋ ತಮ್ಮ ಮಗ ಬ್ಯಾಡ್ಮಿಂಟನ್ ಗೆದ್ದ ವಿಡಿಯೋ ತೋರಿಸಿದರು. ನಾನು ಮೊಸರನ್ನ ಮುಗಿಸುತ್ತ, ಓದುವಾಗ ನಾನೂ ವಿಶ್ವವಿದ್ಯಾಲಯದ ಬಿಲ್ಲುಗಾರಿಕೆ ತಂಡದಲ್ಲಿದ್ದೆ ಎಂದುಬಿಟ್ಟೆ. ಹೇಳುವಾಗ ಸುಳ್ಳು ಎಂದು ಅನಿಸಲಿಲ್ಲ. ಕಣ್ಣೆದುರು ಚಿತ್ರ ಇತ್ತು. ಹಾಸ್ಟೆಲಿನ ಹಿಂದಿನ ಮೈದಾನ, ಹುಲ್ಲಿನ ಕಟ್ಟಿಗೆ ಆನಿಸಿದ ಗುರಿಹಲಗೆ, ಕೊರಳಿಗೆ ಟವೆಲ್ ಸುತ್ತಿಕೊಂಡ ಕೋಚ್, ಹಳದಿ ವೃತ್ತದ ನಡುವೆ ನಾಟಿಕೊಂಡು ಇನ್ನೂ ಅದುರುತ್ತಿದ್ದ ಬಾಣ. ಕೋಚ್ ಬೆನ್ನು ತಟ್ಟಿ, ‘ಇದಪ್ಪಾ ಕೈ ಅಂದ್ರೆ’ ಎಂದದ್ದು. ಟೇಪು ಹಿಡಿದು, ಎಳೆತದ ಉದ್ದ ಇಪ್ಪತ್ತೊಂಬತ್ತು ಇಂಚು ಎಂದು ಬರೆಸಿದ್ದು.

ಇಷ್ಟು ವಿವರವಿರುವ ಚಿತ್ರವನ್ನು ಆ ಕಾರಣಕ್ಕೇ ಅನುಮಾನಿಸಬೇಕೆಂದು ನನಗೆ ತಿಳಿಯದ್ದೇನಲ್ಲ. ನಾನು ಓದಿದ್ದು ಸಂಖ್ಯಾಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್. ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ, ಬೇರೆಯವರು ಮಾಡಿಟ್ಟ ಲೆಕ್ಕಾಚಾರವನ್ನು ನಂಬದೆ ಇರುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಆ ಅಭ್ಯಾಸ ಮನೆಗೂ ಬಂದಿತ್ತು. ಮಗಳು ಮಾತು ಕಲಿತಾಗಿನಿಂದ, ಏನು ಹೇಳಿದರೂ ‘ಎವಿಡೆನ್ಸ್ ಏನು?’ ಎಂದು ಕೇಳುವಂತೆ ಅವಳನ್ನು ಬೆಳೆಸಿದ್ದೆ. ಹದಿಮೂರು ತುಂಬುವ ಹೊತ್ತಿಗೆ ಅವಳು ಆ ಪ್ರಶ್ನೆಯನ್ನು ನನಗೇ ಕೇಳತೊಡಗಿದ್ದಳು. ಹಾಲು ಒಳ್ಳೆಯದು ಎಂದರೆ ಎವಿಡೆನ್ಸ್. ನಾಳೆ ಮಳೆ ಬರುತ್ತದೆ ಎಂದರೆ ಎವಿಡೆನ್ಸ್. ಒಂದು ವರ್ಷದಲ್ಲಿ ನಾನು ಹೇಳಿದ ಯಾವುದನ್ನೂ ಅವಳು ಸುಮ್ಮನೆ ಒಪ್ಪಿರಲಿಲ್ಲ.

ಆ ದಿನ ಮನೆಗೆ ಮರಳುವಾಗ ಬಸ್ಸಿನಲ್ಲಿ ಅವಳೇ ಪಕ್ಕಕ್ಕೆ ಬಂದು ಕೂತಳು.

“ಅಪ್ಪ, ಆರ್ಚರಿ ಟೀಮಲ್ಲಿ ಇದ್ದೆ ಅಂತ ಯಾವತ್ತೂ ಹೇಳೇ ಇಲ್ಲ. ನಂಗೂ ಕಲಿಸು ಲಾ.”

ಸಿಂಗಾಪುರದವರ ‘ಲಾ’ ಸೇರಿಸಿ ಕೇಳಿದಳೇ ಹೊರತು ಎವಿಡೆನ್ಸ್ ಕೇಳಲಿಲ್ಲ. ನನ್ನ ಬಗ್ಗೆ ಅವಳು ಪುರಾವೆಯಿಲ್ಲದೆ ನಂಬಿದ ಒಂದೇ ಒಂದು ಸಂಗತಿ ಅದಾಗಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಬಿಲ್ಲು ಕೊಳ್ಳಲು ಹೊರಟಿದ್ದು ಅದಕ್ಕೇ. ಜಿಂಕೆಯ ಮಾತು ಆಮೇಲೆ ಬಂತು.

ಅಂಗಡಿ ಇದ್ದದ್ದು ಕಾಕಿ ಬುಕಿತ್‌ನಲ್ಲಿ, ಕೆಳಗೆ ಏಸಿ ರಿಪೇರಿ, ನಡುವೆ ಬಿಸ್ಕತ್ತಿನ ಗೋದಾಮು ಇದ್ದ ಕೈಗಾರಿಕಾ ಕಟ್ಟಡದ ಐದನೇ ಮಹಡಿಯಲ್ಲಿ. ಒಳಗೆ ಬಾಣ ಬಿಡುವ ಉದ್ದನೆಯ ಹಜಾರ, ಬಾಗಿಲ ಬಳಿ ಮಾರಾಟದ ಕೌಂಟರ್. ಎರಡನ್ನೂ ನಡೆಸುತ್ತಿದ್ದವರು ಅರವತ್ತು ದಾಟಿದ ಚೀನೀ ಅಂಕಲ್ ಒಬ್ಬರು. ಚಡ್ಡಿ, ಚಪ್ಪಲಿ, ದಾರ ಕಟ್ಟಿ ಎದೆಗೆ ಇಳಿಬಿಟ್ಟ ಕನ್ನಡಕ. ನಾನು ಬೇಟೆಯ ವಿಷಯ ಎತ್ತಿದ ಕೂಡಲೇ, ಇಲ್ಲಿ ಬೇಟೆಯಾಡಲು ಸಿಗುವುದು ಪಾರ್ಕಿಂಗ್ ಜಾಗ ಒಂದೇ ಎಂದರು.

ನಮಗೆ ತಂದೆಮಗಳಿಬ್ಬರಿಗೂ ಆಗುವ ಒಂದೇ ಬಿಲ್ಲು ಬೇಕಿತ್ತು. ಕಾಂಪೌಂಡ್ ಬಿಲ್ಲು ಎಂದರೆ ಚಿತ್ರಗಳಲ್ಲಿ ಕಾಣುವ ಬಾಗಿದ ಕೋಲಲ್ಲ. ಎರಡೂ ತುದಿಗೆ ಗಾಲಿಯಂಥ ಕ್ಯಾಮುಗಳು, ಅವುಗಳ ಸುತ್ತ ಹೆದೆ, ಜೊತೆಗೆ ಎರಡು ಹುರಿ. ಎಳೆಯುತ್ತ ಹೋದಂತೆ ಭಾರ ಏರುತ್ತದೆ. ಕೊನೆಯಲ್ಲಿ ಕ್ಯಾಮು ಹೊರಳಿದ ಕೂಡಲೇ ಭಾರವೆಲ್ಲ ಇಳಿದು, ಹೆದೆಯನ್ನು ಆರಾಮಾಗಿ ಹಿಡಿದು ಗುರಿ ನೋಡಬಹುದು. ಆದರೆ ಆ ಕೊನೆ ಎಂಬುದು ಎಳೆಯುವವನ ತೋಳಿನ ಅಳತೆಗೆ ಸರಿಯಾಗಿ ಬರಬೇಕು. ಸ್ಕ್ರೂ ತಿರುಗಿಸಿ ಎಳೆತದ ಉದ್ದವನ್ನೂ ಭಾರವನ್ನೂ ಬದಲಾಯಿಸಬಹುದಾದ ಬಿಲ್ಲುಗಳಿದ್ದವು. ಮಗುವಿನಿಂದ ಬೇಟೆಗಾರನವರೆಗೆ ಎಲ್ಲರಿಗೂ ಒಂದೇ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಪಕ್ಕದಲ್ಲಿ ಎಲೆಗಳ ನಡುವೆ ಅಡಗಿದ ಗಡ್ಡದವನ ಚಿತ್ರ.

ಆರಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಏಳು ಬಿಲ್ಲುಗಳು, ಹನ್ನೊಂದು ಗುಣಗಳು, ಪ್ರತಿ ಗುಣಕ್ಕೂ ಒಂದು ತೂಕ ಕೊಟ್ಟು ಎಕ್ಸೆಲ್ಲಿನಲ್ಲಿ ಪಟ್ಟಿ ಮಾಡಿದೆ. ಮೊದಲ ಸ್ಥಾನಕ್ಕೆ ಬಂದದ್ದು ತಯಾರಿಕೆ ನಿಂತುಹೋಗಿದ್ದ ಬಿಲ್ಲು. ತೂಕಗಳನ್ನು ತಿದ್ದಿದೆ, ಗುಲಾಬಿ ಬಣ್ಣದ್ದು ಗೆದ್ದಿತು. ಮಗಳು ಕಪ್ಪು ಬಿಟ್ಟು ಬೇರೆ ಬಣ್ಣ ಮುಟ್ಟುವುದಿಲ್ಲ ಎಂದಿದ್ದಳು. ಕೊನೆಗೆ ಯಾವುದು ಗೆಲ್ಲಬೇಕೋ ಅದು ಗೆಲ್ಲುವವರೆಗೆ ತೂಕಗಳನ್ನು ತಿದ್ದಿದೆ. ಆಫೀಸಿನಲ್ಲಿ ಇದೇ ಕೆಲಸ ಮಾಡಿದವರ ಬಗ್ಗೆ ನಾನು ಆರು ಪುಟದ ಆಕ್ಷೇಪ ಬರೆಯುತ್ತಿದ್ದೆ.

ಕೊಳ್ಳುವ ಮೊದಲು ಅಳತೆ ಎಂದರು ಅಂಕಲ್. ನನ್ನನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿಸಿ, ಬೆರಳ ತುದಿಯಿಂದ ತುದಿಗೆ ಟೇಪು ಹಿಡಿದು, ಎರಡೂವರೆಯಿಂದ ಭಾಗಿಸಿದರು. ಇಪ್ಪತ್ತೇಳು ಇಂಚು.

ಇಪ್ಪತ್ತೊಂಬತ್ತು, ಎಂದು ನಾನು ತಿದ್ದಿದೆ. ವಿಶ್ವವಿದ್ಯಾಲಯದಲ್ಲಿ ಅಳೆದಿದ್ದರು.

ಅವರು ಮತ್ತೊಮ್ಮೆ ಅಳೆದರು. ಇಪ್ಪತ್ತೇಳೇ. ಎಳೆತದಲ್ಲಿ ಎರಡು ಇಂಚು ಎಂದರೆ ಚಾಚಿದ ತೋಳುಗಳಲ್ಲಿ ಐದು; ವಯಸ್ಸಾದಂತೆ ತೋಳು ಐದು ಇಂಚು ಕುಗ್ಗುವುದುಂಟೇ ಎಂದು ಕೇಳಿದೆ. ಹೊಟ್ಟೆ ಬೆಳೆಯುವುದು ನೋಡಿದ್ದೇನೆ, ತೋಳು ಕುಗ್ಗುವುದು ನೋಡಿಲ್ಲ ಎಂದರು. ಮಗಳು ನಕ್ಕಳು. ಅದು ನಂಬಿಕೆ ಇದ್ದವರ ನಗು, ನಾನೂ ನಕ್ಕೆ.

ಆಮೇಲೆ ಕಣ್ಣಿನ ಪರೀಕ್ಷೆ. ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆಯ ಗಡಿಯಾರ ನೋಡುತ್ತ ಒಂದೊಂದೇ ಕಣ್ಣು ಮುಚ್ಚಬೇಕು. ಎಡಗಣ್ಣು ಮುಚ್ಚಿದೆ; ಗಡಿಯಾರ ಮಾಯವಾಯಿತು. ಅಂದರೆ ಗುರಿ ಹಿಡಿಯುವುದು ನನ್ನ ಎಡಗಣ್ಣು. ಬಲಗೈಯಲ್ಲಿ ಎಳೆದು ಎರಡೂ ಕಣ್ಣು ಬಿಟ್ಟು ಹೊಡೆದರೆ ಬಾಣ ಪಕ್ಕದ ಹಲಗೆಗೆ ಹೋಗುತ್ತದೆ ಎಂದರು ಅಂಕಲ್. ನೆನಪಿನಲ್ಲಿ ನಾನು ಬಲಗೈಯಲ್ಲಿ ಎಳೆದಿದ್ದೆ, ಎರಡೂ ಕಣ್ಣು ಬಿಟ್ಟಿದ್ದೆ, ಬಾಣ ಹಳದಿಯ ನಡುವೆ ನಿಂತಿತ್ತು. ಮಗಳದು ಬಲಗೈ, ಬಲಗಣ್ಣು. ಅವಳಿಗಾಗಿ ಬಲಗೈ ಬಿಲ್ಲನ್ನೇ ಕೊಂಡೆವು. ನಾನು ಎಡಗಣ್ಣು ಮುಚ್ಚಿಕೊಳ್ಳುವುದೆಂದು ತೀರ್ಮಾನವಾಯಿತು.

ಹೊರಡುವ ಮುನ್ನ ಅಂಕಲ್ ನಮ್ಮಿಬ್ಬರನ್ನೂ ನಿಲ್ಲಿಸಿ ಒಂದೇ ಮಾತನ್ನು ಮೂರು ಸಲ ಹೇಳಿದರು: ಬಾಣವಿಲ್ಲದೆ ಹೆದೆ ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ವಾಪಸು ಬಂದು ಬಿಲ್ಲು ಮುರಿಯುತ್ತದೆ. ಮಕ್ಕಳು ಒಂದು ಸಲ ಮಾಡುತ್ತಾರೆ, ನಾನು ಕ್ಷಮಿಸುತ್ತೇನೆ. ದೊಡ್ಡವರು ಮಾಡಿದರೆ ಸುರಕ್ಷತೆಯ ಕ್ಲಾಸು ಮೊದಲಿನಿಂದ. ಸೂಚನೆಯ ಹಾಳೆಯಲ್ಲೂ ಅದು ಕೆಂಪು ಅಕ್ಷರದಲ್ಲಿತ್ತು.

ಆ ವಾರವೇ ನಾನು ಹಾಸ್ಟೆಲಿನ ರೂಂಮೇಟ್‌ಗೆ ವಾಟ್ಸಾಪ್ ಮಾಡಿದೆ. ಈಗ ಅವನು ಹುಬ್ಬಳ್ಳಿಯಲ್ಲಿ ಕಾಲೇಜು ಮೇಷ್ಟರು. ಆ ಮೈದಾನ, ಆ ಹಳದಿ, ಆ ಬಾಣ ನಿನಗೆ ನೆನಪಿದೆಯೇ ಎಂದು ಕೇಳಿದೆ. ತಕ್ಷಣ ಧ್ವನಿಸಂದೇಶ ಬಂತು.

“ನೆನಪಿಲ್ದೇ ಏನಲೇ? ನಟ್ಟನಡುವ ಹೊಡ್ದಿದ್ದೆ ನಾ. ಕೋಚ್ ಬೆನ್ನ ತಟ್ಟಿ ‘ಇದಪ್ಪಾ ಕೈ ಅಂದ್ರೆ’ ಅಂದಿದ್ರು. ನೀ ಅಲ್ಲೇ ಇದ್ದಿ, ನೋಡಿಲ್ಲೇನು?”

ಅದೇ ಮೈದಾನ, ಅದೇ ಬಾಣ, ಅದೇ ಮಾತು. ಬೆನ್ನು ಮಾತ್ರ ಬೇರೆ. ಸಂಖ್ಯಾಶಾಸ್ತ್ರದ ಪ್ರಕಾರ ಇಬ್ಬರಲ್ಲಿ ಒಬ್ಬನಾದರೂ ತಪ್ಪು. ಅದು ಅವನೇ ಇರಬೇಕೆಂದುಕೊಂಡೆ. ಅವನು ಮೊದಲಿನಿಂದಲೂ ಬೇರೆಯವರ ಸೋಪು ಬಳಸುವವನು. ಮಗಳಿಗೆ ಈ ಸಂದೇಶ ಕೇಳಿಸಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಅತ್ತೆ ಮಾವ ಮೈಸೂರಿನಿಂದ ಬಂದಿದ್ದರು. ಪ್ರತಿ ವರ್ಷ ನಮ್ಮ ಆಯುಧಪೂಜೆಯಲ್ಲಿ ಎರಡು ಲ್ಯಾಪ್‌ಟಾಪು, ಮಿಕ್ಸಿ, ಮಗಳ ಸೈಕಲ್ ಇರುತ್ತಿದ್ದವು. ಈ ಸಲ ನಿಜವಾದ ಆಯುಧವೊಂದು ಮನೆಗೆ ಬಂದಿದೆ ಎಂದು ಅತ್ತೆಗೆ ಎಲ್ಲಿಲ್ಲದ ಸಂಭ್ರಮ. ಬಿಲ್ಲನ್ನು ಮಣೆಯ ಮೇಲೆ ನಡುವೆ ಇಟ್ಟು, ಕ್ಯಾಮುಗಳಿಗೆ ಮಲ್ಲಿಗೆ ಸುತ್ತಿ, ಹೆದೆಯ ಉದ್ದಕ್ಕೂ ಅರಿಶಿನ ಕುಂಕುಮ ಧಾರಾಳವಾಗಿ ಬಳಿದರು. ಬೂದುಗುಂಬಳಕಾಯಿಯನ್ನು ಕಾರಿಡಾರಿನಲ್ಲಿ ಒಡೆದರೆ ಪಕ್ಕದವರು ದೂರು ಕೊಡುತ್ತಾರೆಂದು ನಿಂಬೆಹಣ್ಣಿಗೆ ಇಳಿದಿದ್ದೆವು. ಕನ್ನಡದವರ ಮೂರು ಸಂಸಾರಗಳು ಬಂದಿದ್ದವು. ಎಲ್ಲರಿಗೂ ನಾನು ತಂಡದಲ್ಲಿದ್ದದ್ದು ಗೊತ್ತಿತ್ತು.

ಬೆಳಿಗ್ಗೆ, ಅವರು ಬರುವ ಮೊದಲು, ನಾನೊಂದು ಕೆಲಸ ಮಾಡಿದ್ದೆ. ಮಗಳ ಅಳತೆಗೆ ಇಟ್ಟಿದ್ದ ಬಿಲ್ಲನ್ನು ಅಲೆನ್ ಕೀ ಹಿಡಿದು ನನ್ನ ಅಳತೆಗೆ ತಿರುಗಿಸಿದೆ. ಭಾರ ನಲವತ್ತು ಪೌಂಡ್. ಎಳೆತವನ್ನು ಇಪ್ಪತ್ತೇಳಕ್ಕೆ ಇಡಲಿಲ್ಲ, ಇಪ್ಪತ್ತೊಂಬತ್ತಕ್ಕೆ ಇಟ್ಟೆ. ಅಂಕಲ್‌ನ ಟೇಪಿಗಿಂತ ನನ್ನ ಕೋಚ್‌ನ ಟೇಪು ಹಳೆಯದು ಎಂಬುದಷ್ಟೇ ನನ್ನ ವಾದ.

ಮಂಗಳಾರತಿ ಮುಗಿದು ಕೋಸಂಬರಿ ಹಂಚುವಾಗ ಮಾವ ಕುರ್ಚಿಯಿಂದ ಎದ್ದರು. ನಿವೃತ್ತ ಹೈಸ್ಕೂಲ್ ಮೇಷ್ಟರು, ಊರಲ್ಲಿ ಪೌರಾಣಿಕ ನಾಟಕ ಆಡಿಸಿದವರು.

“ಅಳಿಯಂದ್ರೇ, ಪೂಜೆಯೇನೋ ಆಯ್ತು. ಠೇಂಕಾರ ಆಗ್ದೇ ಇದ್ರೆ ಪೂಜೆ ಅರ್ಧಕ್ಕೇ ನಿಂತ ಹಾಗೆ.”

ಬಂದವರೆಲ್ಲ ಹೌದು ಹೌದು ಎಂದರು. ನಾವು ಕೇಳಿ ಬೆಳೆದ ವೀರರಲ್ಲಿ ಯುದ್ಧಕ್ಕೆ ಮೊದಲು ಬರಿ ಹೆದೆಯನ್ನು ಎಳೆದು ಬಿಟ್ಟು, ಆ ಸದ್ದಿಗೆ ದಿಕ್ಕುಗಳನ್ನು ನಡುಗಿಸದವರು ಯಾರಿದ್ದಾರೆ? ಅವರಲ್ಲಿ ಒಬ್ಬರಿಗೂ ಕಾಕಿ ಬುಕಿತ್‌ನಲ್ಲಿ ವಾರಂಟಿ ಸಿಗುತ್ತಿರಲಿಲ್ಲ. ಇದನ್ನು ಮಾವನಿಗೆ ವಿವರಿಸಲು ನೋಡಿದೆ. ಬಿಡುವುದು ಬೇಡ, ಎಳೆದಾದರೂ ತೋರಿಸಿ, ಯೂನಿವರ್ಸಿಟಿ ಕೈ ನೋಡೋಣ ಎಂದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ರೀ ಬೇಡ, ಎಂದಳು.

“ಅಪ್ಪ, ಆರೋ ಇಲ್ಲ,” ಎಂದಳು ಮಗಳು.

“ಬಿಡಲ್ಲ ಪುಟ್ಟಿ. ಬರೀ ಎಳೆದು, ಮೆಲ್ಲಗೆ ವಾಪಸ್ ತರ್ತೀನಿ.”

ಮಣಿಕಟ್ಟಿಗೆ ಕಟ್ಟಿಕೊಳ್ಳುವ ರಿಲೀಸ್ ಎಂಬ ಕೊಂಡಿಯಿಂದ ಹೆದೆ ಹಿಡಿಯಬೇಕು. ಅದಕ್ಕೊಂದು ಕುದುರೆ ಇರುತ್ತದೆ, ಬಂದೂಕಿನ ಹಾಗೆ; ಒತ್ತಿದರೆ ಹೆದೆ ಬಿಟ್ಟುಹೋಗುತ್ತದೆ. ಕೊಂಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಎಳೆದೆ. ಭಾರ ಏರಿತು. ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ. ಇಪ್ಪತ್ತೇಳನೇ ಇಂಚಿಗೆ ನನ್ನ ತೋಳು ಮುಗಿದಿತ್ತು. ಭಾರ ಪೂರ್ತಿ ಇಳಿಯುವ ಜಾಗ ಇನ್ನೂ ಎರಡು ಇಂಚು ಹಿಂದೆ, ನನ್ನ ನೆನಪಿನಲ್ಲಿತ್ತು. ಯಾರೋ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಆಸರೆ ಹುಡುಕಿದ ಬೆರಳು ಕುದುರೆಯ ಮೇಲೆ ಬಿತ್ತು.

ಕುಕ್ಕರ್ ಸಿಡಿದಂಥ ಸದ್ದು. ಹೆದೆ ಕ್ಯಾಮಿನಿಂದ ಕಳಚಿ ನನ್ನ ಮುಂಗೈಗೆ ಬಾರಿಸಿತು. ಅದರ ಮೇಲಿದ್ದ ಅರಿಶಿನ ಕುಂಕುಮವೆಲ್ಲ ಒಂದೇ ಸಲಕ್ಕೆ ಮೇಲೆದ್ದು, ಫ್ಯಾನಿಗೆ ಸಿಕ್ಕಿ, ಲ್ಯಾಪ್‌ಟಾಪುಗಳ ಮೇಲೆ, ಕೋಸಂಬರಿಯ ಮೇಲೆ, ಮಾವನ ಬೋಳುತಲೆಯ ಮೇಲೆ ಸಾವಕಾಶವಾಗಿ ಇಳಿಯಿತು. ಒಂದು ಮಲ್ಲಿಗೆ ಕಿಟಕಿಯಿಂದ ಹೊರಗೆ ಹೋಯಿತು. ಕೆಳಗೆ ವಾಯ್ಡ್ ಡೆಕ್ ಎಂಬ ನೆಲಮಹಡಿಯ ತೆರೆದ ಜಾಗದಲ್ಲಿ ಚದುರಂಗ ಆಡುತ್ತಿದ್ದ ಮುದುಕರು ಹೊರಗೆ ಬಂದು ಮೇಲೆ ನೋಡಿದರಂತೆ. ಬಂದವರಲ್ಲೊಬ್ಬರು ಇದೂ ಪೂಜೆಯ ಭಾಗವೆಂದು ಚಪ್ಪಾಳೆ ತಟ್ಟಿದರು.

ಮಾವ ಕಣ್ಣು ಒರೆಸಿಕೊಂಡರು. ತೃಪ್ತರಾಗಿದ್ದರು.

“ಇದಪ್ಪಾ ಠೇಂಕಾರ ಅಂದ್ರೆ,” ಎಂದರು.

ಮಗಳು ಬಿಲ್ಲನ್ನು ಎತ್ತಿಕೊಂಡು ಕುಂಕುಮ ಒರೆಸಿ, ಕ್ಯಾಮಿನ ಮೇಲಿದ್ದ ಅಂಕಿ ನೋಡಿದಳು. ಅವಳು ಮೊದಲ ಸಲ ಗುರಿ ಹೊಡೆಯಬೇಕಿದ್ದ ಕ್ಲಬ್ಬಿನ ಸ್ಪರ್ಧೆಗೆ ಎರಡು ವಾರ ಇತ್ತು.

“ಅಂಕಲ್ ಟ್ವೆಂಟಿಸೆವೆನ್ ಅಂದಿದ್ರಲ್ವಾ?”

ಯೂನಿವರ್ಸಿಟಿಯಲ್ಲಿ ಇಪ್ಪತ್ತೊಂಬತ್ತು ಇತ್ತು ಎಂದೆ.

“ಎವಿಡೆನ್ಸ್ ಏನಪ್ಪ?”

ಜೋರಾಗಿ ಕೇಳಲಿಲ್ಲ. ಹಾಲಿನ ಬಗ್ಗೆ, ಮಳೆಯ ಬಗ್ಗೆ ಕೇಳುವ ದನಿಯಲ್ಲೇ ಕೇಳಿದಳು. ನಾನೂ ಆ ಸಾಲಿಗೆ ಸೇರಿದ್ದೆ.

ಮರುದಿನ ಬಿಲ್ಲು ಹೊತ್ತು ಕಾಕಿ ಬುಕಿತ್‌ಗೆ ಹೋದೆವು. ಎಮ್ಆರ್‌ಟಿ ರೈಲಿನಲ್ಲಿ ಆಂಟಿಯೊಬ್ಬರು ಚೀಲ ನೋಡಿ ವೀಣೆಯೇ ಎಂದು ಕೇಳಿದರು. ಹೌದೆಂದೆ. ಮಗಳು ನನ್ನ ಕಡೆ ನೋಡಿ ಮತ್ತೆ ಕಿಟಕಿಯತ್ತ ತಿರುಗಿದಳು. ಒಂದು ಸುಳ್ಳಿನಿಂದ ಇನ್ನೇನೂ ಕೆಡುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಅಂಕಲ್ ಕನ್ನಡಕ ಏರಿಸಿ, ಸೊಟ್ಟಗಾದ ಕ್ಯಾಮನ್ನು ಬೆರಳಲ್ಲಿ ತಿರುಗಿಸಿ, ಬೆರಳಿಗೆ ಹತ್ತಿದ ಕೆಂಪನ್ನು ಮೂಸಿದರು. ರಕ್ತವೇ ಎಂದು ಕೇಳಿದರು. ದೇವರದು ಎಂದೆ. ಬಾಣವಿಲ್ಲದೆ ಬಿಟ್ಟಿದ್ದೀರಿ, ಎಂದರು. ಯಾರು?

“ನಾನು, ಅಂಕಲ್,” ಎಂದಳು ಮಗಳು.

ಏಕೆ ಹಾಗೆಂದಳೋ ಇವತ್ತಿಗೂ ಕೇಳಿಲ್ಲ. ಮಕ್ಕಳಿಗೆ ಕ್ಷಮೆ ಇತ್ತು, ದೊಡ್ಡವರಿಗೆ ಇರಲಿಲ್ಲ, ಅದಕ್ಕಿರಬಹುದು. ಅಥವಾ ಅಪ್ಪ ಇನ್ನೊಂದು ಕಥೆ ಹೇಳುವುದನ್ನು ಕೇಳುವ ಶಕ್ತಿ ಅವಳಿಗಿರಲಿಲ್ಲ. ಆದರೆ ಅವಳು ಹೇಳಿದ ಮರುಕ್ಷಣ ನಡೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ಕಣ್ಣೆದುರು ಅವಳೇ ಬಿಲ್ಲು ಎಳೆದು ನಿಂತಳು. ಹಸಿರು ಲಂಗ, ಜಡೆಯಲ್ಲಿ ಮಲ್ಲಿಗೆ, ಕುದುರೆಯ ಮೇಲೆ ಪುಟ್ಟ ಬೆರಳು. ಒಂದು ಉಸಿರಿನಷ್ಟು ಹೊತ್ತಿನಲ್ಲಿ ಇಡೀ ಚಿತ್ರ ಸಿದ್ಧವಾಗಿತ್ತು, ಬಣ್ಣಸಮೇತ. ಇನ್ನೊಂದು ವಾರ ಬಿಟ್ಟಿದ್ದರೆ ನಾನು ಅದಕ್ಕೆ ಸಾಕ್ಷಿ ಹೇಳುತ್ತಿದ್ದೆ. ಹಾಸ್ಟೆಲಿನ ಹಿಂದಿನ ಮೈದಾನದಲ್ಲೂ ಹೀಗೇ ಆಗಿತ್ತೇ?

“ಅಲ್ಲ. ಬಿಟ್ಟಿದ್ದು ನಾನು,” ಎಂದೆ. ಉಳಿದದ್ದು ಅಂಕಲ್‌ಗಲ್ಲ, ಅವಳಿಗೆ ಹೇಳಬೇಕಾದದ್ದು; ಕನ್ನಡದಲ್ಲಿ ಮುಂದುವರಿಸಿದೆ. “ಅಂಕಿ ತಿರುಗಿಸಿದ್ದೂ ನಾನೇ. ಟೀಮಲ್ಲಿ ಇದ್ದೆನೋ ಇಲ್ವೋ ನಂಗೆ ಗೊತ್ತಿಲ್ಲ ಪುಟ್ಟಿ. ಇದ್ದೆ ಅಂತ ಅನ್ಸುತ್ತೆ. ಎವಿಡೆನ್ಸ್ ಇಲ್ಲ.”

ಅವಳು, ಓಕೆ, ಎಂದಳು. ಏನು ಓಕೆ ಎಂದು ಹೇಳಲಿಲ್ಲ.

ಹೊಸ ಕ್ಯಾಮು, ಹೊಸ ಹೆದೆ ಬಂದು ಬಿಲ್ಲು ಸರಿಯಾಯಿತು. ನನಗೆ ಸುರಕ್ಷತೆಯ ಕ್ಲಾಸು ಮೊದಲಿನಿಂದ, ಎಂಟು ವರ್ಷದ ಮಕ್ಕಳ ಜೊತೆ. ಅದು ಮುಗಿಯುವವರೆಗೆ ನಾನು ಬಿಲ್ಲು ಮುಟ್ಟುವಂತಿರಲಿಲ್ಲ. ಹಾಗಾಗಿ ಸ್ಪರ್ಧೆಯ ದಿನ ಅಂಕಲ್ ನನ್ನ ಕೈಗೆ ಒಂದು ರಟ್ಟು, ಸ್ಕೋರ್ ಹಾಳೆ, ಪೆನ್ಸಿಲ್ ಕೊಟ್ಟು, ಹೊಸಬರ ಅಂಕ ಬರೆಯಲು ಕೂರಿಸಿದರು.

ಮೊದಲ ಸುತ್ತಿನಲ್ಲಿ ಮಗಳ ಬಾಣಗಳು ಮೂರು. ಹಲಗೆಯ ಬಳಿ ನಿಂತು ಎಡದಿಂದ ಬಲಕ್ಕೆ ಓದಿದಳು: ಏಳು, ನಾಲ್ಕು, ಒಂಬತ್ತು. ನನ್ನ ಕೈ ಬರೆದದ್ದು ಒಂಬತ್ತು, ಏಳು, ನಾಲ್ಕು. ಮುಂದಿನ ಚೌಕದಲ್ಲಿ ಮೊತ್ತ. ಎರಡನೇ ಸುತ್ತಿನಲ್ಲಿ ಒಂದು ಬಾಣ ಹಲಗೆ ತಪ್ಪಿತು. ಸೊನ್ನೆ ಹಾಕದೆ, ಮಿಸ್ ಎಂಬುದಕ್ಕೆ ಎಂ ಎಂದು ಬರೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಹಿಂದೆ ಬಂದು ನಿಂತ ಅಂಕಲ್ ಹಾಳೆ ನೋಡಿ, ಮೊದಲು ಬರೆದ ಅಭ್ಯಾಸ ಇದೆಯೇ ಎಂದು ಕೇಳಿದರು. ದೊಡ್ಡದರಿಂದ ಚಿಕ್ಕದಕ್ಕೆ ಬರೆಯಬೇಕೆಂದು ಹೊಸದಾಗಿ ಬಂದ ಯಾವ ಅಪ್ಪನಿಗೂ ಗೊತ್ತಿರುವುದಿಲ್ಲ. ನನಗೆ ಯಾರೂ ಹೇಳಿರಲಿಲ್ಲ.

ಕಿವಿಯ ಮೇಲಿದ್ದ ಪೆನ್ಸಿಲಿನ ಜೊತೆ ಮೈದಾನ ಮರಳಿ ಬಂತು, ಆದರೆ ಪಕ್ಕಕ್ಕೆ ತಿರುಗಿ. ಬಾಣ ಅದುರುವುದು ಅಷ್ಟು ದೂರದಿಂದ ಬಿಟ್ಟವನಿಗೆ ಕಾಣುವುದಿಲ್ಲ. ಹಲಗೆಯ ಪಕ್ಕದಲ್ಲಿ ನಿಂತವನಿಗೆ ಕಾಣುತ್ತದೆ. ಆಗೆಲ್ಲ ಸುರಕ್ಷತೆಯ ಕ್ಲಾಸು ಇರಲಿಲ್ಲ. ಅಲ್ಲಿ ನಿಂತವನು ನಾನು, ಕೈಯಲ್ಲಿ ಹಾಳೆ. ಕೋಚ್ ಇಪ್ಪತ್ತೊಂಬತ್ತು ಎಂದು ಬರೆಸಿದ್ದು ನನ್ನಿಂದ, ಉದ್ದ ತೋಳಿನ ನನ್ನ ರೂಂಮೇಟ್‌ನ ಹೆಸರಿನ ಮುಂದೆ. ಅಥವಾ ಇದೂ ಈಗಷ್ಟೇ ಸಿದ್ಧವಾದ ಚಿತ್ರ. ಆದರೆ ಕೈ ಬರೆದದ್ದು ಹಾಳೆಯ ಮೇಲೆ ಇತ್ತು.

ಕೊನೆಯ ಸುತ್ತಿನಲ್ಲಿ ಮಗಳ ಬಾಣವೊಂದು ಎಂಟು ಮತ್ತು ಒಂಬತ್ತರ ಗೆರೆಯ ಅಂಚಿನಲ್ಲಿತ್ತು. ಗೆರೆ ಮುಟ್ಟಿದರೆ ಮೇಲಿನ ಅಂಕ. ಅವಳು ಒಂಬತ್ತು ಎಂದಳು. ನಾನು ಎದ್ದು ಹೋಗಿ, ಬಾಣ ಮುಟ್ಟದೆ ಬಗ್ಗಿ, ಎರಡೂ ಕಡೆಯಿಂದ ನೋಡಿದೆ. ಬಾಣಕ್ಕೂ ಗೆರೆಗೂ ನಡುವೆ ಕೂದಲೆಳೆಯಷ್ಟು ಕೆಂಪು ಕಾಣುತ್ತಿತ್ತು.

“ಎಂಟು.”

“ಟಚ್ ಆಗಿದೆ ಅಪ್ಪ.”

“ಇಲ್ಲ ಪುಟ್ಟಿ. ಎಂಟು.”

ಅವಳು ಬಗ್ಗಿ ನೋಡಬಹುದಿತ್ತು. ಎವಿಡೆನ್ಸ್ ಅವಳ ಮೂಗಿನ ಮುಂದೆಯೇ ಇತ್ತು. ನೋಡಲಿಲ್ಲ. ಬಾಣ ಕಿತ್ತುಕೊಂಡು, ಸರಿ, ಎಂಟು ಬರಿ, ಎಂದು ನಡೆದಳು. ಆ ಒಂದು ಅಂಕದಿಂದ ಮೂರನೇ ಸ್ಥಾನ ತಪ್ಪಿ, ಬಸ್ಸಿನಲ್ಲಿ ಟ್ಯಾಂಪಿನೀಸ್‌ವರೆಗೂ ನನ್ನೊಡನೆ ಮಾತು ಬಿಟ್ಟಿದ್ದಳು. ಕೂತದ್ದು ಮಾತ್ರ ಪಕ್ಕದಲ್ಲೇ.

ಕಾಲೇಜಿನಲ್ಲಿ ನಾನು ಅಂಕ ಬರೆಯುವವನಾಗಿದ್ದಿರಬೇಕೆಂದು ಆ ರಾತ್ರಿ ಮಗಳಿಗೆ ಹೇಳಿದೆ. ಆ ಬಾಣ ನಿನ್ನದೇ ಕಣೋ, ಎಂದು ರೂಂಮೇಟ್‌ಗೆ ಬರೆದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ. ಅದರಿಂದ ಏನೂ ಸಾಬೀತಾಗುವುದಿಲ್ಲ.

ದೀಪಾವಳಿಗೆ ಮತ್ತೆ ಕನ್ನಡದವರೆಲ್ಲ ಸೇರಿದ್ದಾಗ ಯಾರೋ ನನ್ನ ಠೇಂಕಾರದ ವಿಡಿಯೋ ಹಾಕಿ ನಗುತ್ತಿದ್ದರು. ಮಗಳು ಪಕ್ಕದ ಆಂಟಿಗೆ ಗಂಭೀರವಾಗಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: ನಮ್ಮಪ್ಪ ಶೂಟ್ ಮಾಡ್ತಿರ್ಲಿಲ್ಲ ಆಂಟಿ, ಯೂನಿವರ್ಸಿಟಿಗೆ ಚೀಫ್ ಸ್ಕೋರರ್ ಆಗಿದ್ರು, ನ್ಯಾಷನಲ್ಸ್‌ಗೂ ಹೋಗಿದ್ರು.

ನ್ಯಾಷನಲ್ಸ್‌ಗೆ ಹೋಗಿರಲಿಲ್ಲ ಎಂದು ನಾನು ಅಲ್ಲೇ ತಿದ್ದಿದೆ. ಹಾಗೆಂದು ನನ್ನ ನೆನಪು.